ಮಣ್ಣಿಗೆ ಯಾವ ಬಣ್ಣ

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆಗೆ ಗಣೇಶನ ಹಬ್ಬದ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೆ. ಕಳೆದ ಶನಿವಾರದ ಒಂದು ಮಾತು ತಲೆಯಿಂದ ಹೋಗುತ್ತಲೇ ಇಲ್ಲ, ಹಾಗಾಗಿ ಅದನ್ನೇ ಬರೆಯುತ್ತೇನೆ.

ನಮ್ಮ ಕನ್ನಡ ಶಾಲೆಯ ಮಕ್ಕಳನ್ನು ಎಡಿನ್‌ಬರೊದ ಸಸ್ಯೋದ್ಯಾನಕ್ಕೆ ಕರೆದುಕೊಂಡು ಹೋಗಿದ್ದೆವು. ಹನ್ನೊಂದು ಮಕ್ಕಳು, ಆರು ಜನ ದೊಡ್ಡವರು, ನಾಲ್ಕು ಚಾಪೆ, ಎರಡು ಡಬ್ಬಿ ಚಿತ್ರಾನ್ನ. ಎಲ್ಲರ ಕೈಗೂ ದಪ್ಪ ಕಾಗದ, ಒಂದೊಂದು ಜಲವರ್ಣದ ಪೆಟ್ಟಿಗೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಗಿಡ ಬರೆದು ಬುಡಕ್ಕೆ ಕಪ್ಪುಗಂದು ಹಚ್ಚುತ್ತಿದ್ದಳು. "ನಮ್ಮೂರಾಗಿದ್ರೆ ಇಲ್ಲಿ ಕೆಂಪು ಹಚ್ಬೇಕಿತ್ತು ಪುಟ್ಟಿ" ಅಂದೆ. ಅವಳು ಕುಂಚ ಎತ್ತಿಕೊಂಡು ನನ್ನ ಮುಖ ನೋಡಿ, "ಮಣ್ಣು ಬ್ರೌನ್ ಅಲ್ವಾ ಆಂಟಿ? ಕೆಂಪು ಹೇಗಿರುತ್ತೆ?" ಅಂದಳು.

ಅವಳು ಊರಿಗೆ ಎರಡು ಸಲ ಹೋಗಿ ಬಂದವಳು. ಎರಡು ಸಲವೂ ಬೆಂಗಳೂರಿನ ಅಪಾರ್ಟ್‌ಮೆಂಟಿನಿಂದ ಕಾರು, ಕಾರಿನಿಂದ ಮದುವೆ ಛತ್ರ. ಕೆಂಪು ಮಣ್ಣು ನೋಡುವುದಾದರೂ ಎಲ್ಲಿ? ತಪ್ಪು ಅವಳದ್ದಲ್ಲ.

ನಾನು ಮಣ್ಣಿನ ಬಣ್ಣ ಕಲಿತದ್ದು ತೀರ್ಥಹಳ್ಳಿ ಕಡೆಯ ಅಜ್ಜಿ ಮನೆಯ ಹಿತ್ತಿಲಿನಲ್ಲಿ. ನಮ್ಮ ಡ್ರಾಯಿಂಗ್ ಮೇಷ್ಟ್ರ ಮನೆ ಎರಡು ಗದ್ದೆ ಆಚೆ. ಆಷಾಢದ ಮಳೆ ಒಂದು ಗಳಿಗೆ ಬಿಟ್ಟಿತೆಂದರೆ ನಮ್ಮ ನಾಲ್ಕೈದು ಜನರನ್ನು ಹಿತ್ತಿಲಿನಲ್ಲಿ ಕೂರಿಸುತ್ತಿದ್ದರು. ಕೂರಲು ಅಡಿಕೆ ಹಾಳೆ, ನೀರಿಗೆ ತೆಂಗಿನ ಚಿಪ್ಪು, ಹನ್ನೆರಡು ಬಿಲ್ಲೆಯ ಒಂದೇ ಕ್ಯಾಮೆಲ್ ಪೆಟ್ಟಿಗೆ ಎಲ್ಲರಿಗೂ. ಎದುರಿಗೆ ನಂದಿಬಟ್ಟಲು ಗಿಡ. ಬಿಳಿ ಹೂವಿಗೆ ನಾನು ಬಿಳಿ ಬಿಲ್ಲೆಗೆ ಕುಂಚ ಹಾಕಿದರೆ ಮೇಷ್ಟ್ರು ಕೈ ಹಿಡಿದು ನಿಲ್ಲಿಸುತ್ತಿದ್ದರು. "ಹೂವು ಬರೀಬೇಡ. ಎಲೆ ಬರಿ. ಹೂವು ಕಾಗದದಲ್ಲೇ ಇದೆ." ಹೂವಿನ ಸುತ್ತ ಕಡುಹಸಿರು ಇಡುತ್ತಾ ಹೋಗಬೇಕು, ನಡುವೆ ಕಾಗದವನ್ನು ಹಾಗೇ ಬಿಡಬೇಕು. ಕೊನೆಗೆ ಐದು ಎಸಳು ಬೆಳ್ಳಗೆ ಎದ್ದು ನಿಲ್ಲುತ್ತಿದ್ದವು, ಅದರ ಮೇಲೆ ಒಂದು ಹನಿ ಬಣ್ಣವೂ ಬಿದ್ದಿರುತ್ತಿರಲಿಲ್ಲ. ಆ ಮೊದಲ ಹೂವು ಕಂಡ ದಿನದ ಸಂತೋಷ ನನಗೆ ಈಗಲೂ ನೆನಪಿದೆ.

ಮಣ್ಣಿಗೆ ಬರ್ನ್ಟ್ ಸಿಯೆನಾ ಬಿಲ್ಲೆ, ಅಂದರೆ ಕೆಂಪುಗಂದು. ನಮ್ಮ ಪೆಟ್ಟಿಗೆಯಲ್ಲಿ ಮೊದಲು ಸವೆದು ತಗಡು ಕಾಣುತ್ತಿದ್ದದ್ದು ಅದೇ. ಹಿತ್ತಿಲಿನ ಕಾಲುದಾರಿಯಲ್ಲಿ ಹರಿಯುವ ನೀರೇ ಚಹಾದ ಬಣ್ಣಕ್ಕಿರುತ್ತಿತ್ತು. ಒದ್ದೆಯಾದಾಗ ಮಣ್ಣು ಕುಂಕುಮದ ಹತ್ತಿರ ಬರುತ್ತದೆ, ಒಣಗಿದರೆ ಹಳೆಯ ಹಂಚಿನ ಬಣ್ಣ. ಎರಡಕ್ಕೂ ಬಿಲ್ಲೆ ಒಂದೇ, ನೀರಿನ ಲೆಕ್ಕ ಬೇರೆ.

ಬರೆದದ್ದು ಒಣಗುವುದೇ ದೊಡ್ಡ ಕಷ್ಟ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಚಿತ್ರ ಒಣಗುತ್ತದೆಯೇ? ಅಜ್ಜಿ ನಮ್ಮ ಕಾಗದಗಳನ್ನೆಲ್ಲ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಸಿಕ್ಕಿಸುತ್ತಿದ್ದರು, ಒದ್ದೆ ಪಂಚೆಗಳ ಪಕ್ಕದಲ್ಲಿ. ಬೆಳಿಗ್ಗೆ ತೆಗೆದರೆ ಚಿತ್ರಕ್ಕೆ ಹೊಗೆಯ ವಾಸನೆ. ಮೊನ್ನೆ ಇಲ್ಲಿ ಚಾಪೆಯ ಮೇಲೆ ಕೂತಾಗಲೂ ಅದೇ ತೇವದ ಗಾಳಿ. ಮೊದಲ ಪದರ ಆರುವ ಮುಂಚೆ ಎರಡನೆಯದು ಹಚ್ಚಿದ ಮಕ್ಕಳ ಆಕಾಶವೆಲ್ಲ ಮರದೊಳಗೆ ಇಳಿದುಬಿಟ್ಟಿತು. "ಕಾಯ್ರಿ, ಕಾಗದದ ಹೊಳಪು ಹೋಗ್ಲಿ" ಅಂತ ಹೇಳುವಾಗ ನನ್ನ ಬಾಯಿಂದ ಮೇಷ್ಟ್ರ ದನಿಯೇ ಬಂತು.

ಇನ್ನೊಂದು ವಿಷಯ. ಆ ತೋಟಕ್ಕೂ ನಮ್ಮ ಶಿವಮೊಗ್ಗಕ್ಕೂ ಇರುವ ನಂಟು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಹ್ಯೂ ಕ್ಲೆಗ್‌ಹಾರ್ನ್ ಅಂತ ಒಬ್ಬ ವೈದ್ಯ, 1820ರಲ್ಲಿ ಮದರಾಸಿನಲ್ಲಿ ಹುಟ್ಟಿ, ಇದೇ ಎಡಿನ್‌ಬರೊದಲ್ಲಿ ವೈದ್ಯಕೀಯ ಓದಿದವನು. 1840ರ ದಶಕದ ನಡುವಿನಲ್ಲಿ ಶಿವಮೊಗ್ಗದಲ್ಲಿ ಕೆಲಸಕ್ಕಿದ್ದ. ಅಲ್ಲಿ ಒಬ್ಬ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡು ದಿನಕ್ಕೊಂದು ಗಿಡದಂತೆ ಬರೆಸಿದ. ಮುಂದೆ ಮದರಾಸು ಪ್ರಾಂತ್ಯದ ಅರಣ್ಯಗಳ ಹೊಣೆ ಹೊತ್ತು ಹೆಸರು ಮಾಡಿದ. ಆ ಚಿತ್ರಗಳು ಈಗ ಇರುವುದು ನಾವು ಚಿತ್ರಾನ್ನ ತಿಂದ ಅದೇ ಉದ್ಯಾನದ ಸಂಗ್ರಹದಲ್ಲಿ. ಕ್ಲೆಗ್‌ಹಾರ್ನ್ ಹೆಸರಿನಲ್ಲಿ ಒಂದು ಸಸ್ಯಜಾತಿಯೇ ಇದೆ, ಕ್ಲೆಗ್‌ಹಾರ್ನಿಯಾ. ಅದು ನಮ್ಮ ನಂದಿಬಟ್ಟಲು, ಕಣಗಿಲೆಗಳ ಕುಟುಂಬಕ್ಕೇ ಸೇರಿದ್ದು. ದಿನಾ ಬೆಳಿಗ್ಗೆ ಕೂತು, ಗಿಡ ಬಾಡುವ ಮುಂಚೆ ಬಣ್ಣ ಇಟ್ಟ ಆ ಚಿತ್ರಕಾರನ ಹೆಸರು ಮಾತ್ರ ಉಳಿದಿಲ್ಲ. ನನಗೆ ಇದು ನೋಯುತ್ತದೆ. ನಮ್ಮೂರ ಹಿತ್ತಿಲ ಹಸಿರು ನನಗಿಂತ ನೂರೈವತ್ತಕ್ಕೂ ಹೆಚ್ಚು ವರ್ಷ ಮೊದಲೇ ಈ ಊರಿಗೆ ಬಂದು ಸೇರಿದೆ, ತಂದ ಕೈ ಯಾರದ್ದು ಅಂತ ಹೇಳುವಂತಿಲ್ಲ. ಹಾಗಾಗಿ ಮೊನ್ನೆ ಪ್ರತಿ ಮಗುವಿಗೂ ಚಿತ್ರದ ಮೂಲೆಯಲ್ಲಿ ಕನ್ನಡದಲ್ಲೇ ಹೆಸರು ಬರೆಸಿದೆ. ಇಬ್ಬರಿಗೆ ಒತ್ತಕ್ಷರ ತಪ್ಪಿತು, ತಿದ್ದಿಕೊಂಡರು.

1859ರಲ್ಲಿ ನೆಟ್ಟ ದೊಡ್ಡ ದೇವದಾರು ಮರ, ಉದ್ಯಾನದ ಅತಿ ಎತ್ತರದ ಮರ, 2025ರ ಜನವರಿಯ ಬಿರುಗಾಳಿಗೆ ಬಿತ್ತು. ಅದರ ಕೆಳಗೆ ನಮ್ಮಲ್ಲಿ ಎಷ್ಟೋ ಜನ ಫೋಟೋ ತೆಗೆಸಿಕೊಂಡಿದ್ದೇವೆ, ಒಬ್ಬರೂ ಅದರ ಚಿತ್ರ ಬರೆದಿರಲಿಲ್ಲ. ಫೋಟೋ ಸಾಲದೇ ಅಂತ ಕೇಳಬಹುದು. ಫೋಟೋ ತೆಗೆಯಲು ನಿಂತಿದ್ದು ಒಂದು ನಿಮಿಷ. ಬರೆಯಲು ಕೂತಿದ್ದರೆ ಅದರ ಟೊಂಗೆ ಹೇಗೆ ಬಾಗಿತ್ತು ಅಂತ ಇವತ್ತು ನನ್ನ ಕೈಗೆ ಗೊತ್ತಿರುತ್ತಿತ್ತು.

ಇನ್ನು ಸೂಚನೆಗಳು, ಜಾಗ ಕಡಿಮೆ ಇದೆ. ಗಣೇಶನ ಹಬ್ಬಕ್ಕೆ ಮಣ್ಣಿನ ಮೂರ್ತಿಯೇ, ಮಕ್ಕಳು ಹಿಂದಿನ ಭಾನುವಾರ ಮಾಡುತ್ತಾರೆ, ಹಳೆಯ ಬಟ್ಟೆ ಹಾಕಿ ಕಳಿಸಿ. ಊಟಕ್ಕೆ ಬರುವವರು ಒಂದು ವಾರ ಮೊದಲೇ ತಲೆಲೆಕ್ಕ ಕೊಡಿ. ಕಡುಬು ಮಾಡುವವರು ಮೂವರೇ ಇದ್ದಾರೆ, ಇನ್ನಿಬ್ಬರು ಬೇಕು. ರಾಜ್ಯೋತ್ಸವದ ನಾಟಕಕ್ಕೆ ಹೆಸರು ಕೊಟ್ಟವರು ತಾಲೀಮಿಗೂ ಬನ್ನಿ. ಕನ್ನಡ ಶಾಲೆ ಮತ್ತೆ ಶುರುವಾಗಿದೆ, ಒಂದನೇ ತರಗತಿಗೆ ಟೀಚರ್ ಇಲ್ಲ. ಮೈಸೂರಿಗೆ ವಾಪಸ್ ಹೋಗುತ್ತಿರುವ ಕುಟುಂಬದವರು ಹಾರ್ಮೋನಿಯಂ ಒಂದನ್ನು ಸಂಘಕ್ಕೆ ಬಿಟ್ಟುಹೋಗುತ್ತಿದ್ದಾರೆ, ಇಟ್ಟುಕೊಳ್ಳಲು ಜಾಗ ಇರುವವರು ತಿಳಿಸಿ.

ಈಗ ರಾತ್ರಿ ಒಂದೂವರೆ. ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ನಾಲ್ಕು ವರ್ಷದಿಂದ ಟೈಪಿಂಗ್, ಕರಡು ತಿದ್ದುವುದು, ಪುಟ ಕಟ್ಟುವುದು ಮೂರನ್ನೂ ನಾನೇ ಮಾಡುತ್ತಿದ್ದೇನೆ. ಕೆಲಸ ನನಗೆ ಇಷ್ಟ, ಆದರೆ ಒಬ್ಬಳ ಕೈಲಿ ಇನ್ನು ಆಗುತ್ತಿಲ್ಲ. ಕರಡು ತಿದ್ದಲು ಯಾರಾದರೂ ಒಬ್ಬರು ಬನ್ನಿ, ತಿಂಗಳಿಗೆ ಎರಡು ಸಂಜೆ ಸಾಕು. ಖಂಡಿತ ಬನ್ನಿ.

ಆ ಹುಡುಗಿಯ ಪ್ರಶ್ನೆಗೆ ನಾನು ಆವತ್ತು ಸರಿಯಾಗಿ ಉತ್ತರ ಕೊಡಲಿಲ್ಲ. ಮನೆಗೆ ಬಂದು ಅಣ್ಣನಿಗೆ ಫೋನ್ ಮಾಡಿ ಹಿತ್ತಿಲಿನ ಮಣ್ಣಿನ ಫೋಟೋ ಕೇಳಿದೆ. ಮಳೆಯಲ್ಲೇ ಕೊಡೆ ಹಿಡಿದು ತೆಗೆದು ಕಳಿಸಿದ್ದಾನೆ. ಕಾಲುದಾರಿ, ಕೆಂಪು ನೀರು, ಅಂಚಿನಲ್ಲಿ ಅವನ ಹವಾಯಿ ಚಪ್ಪಲಿ. ನಂದಿಬಟ್ಟಲು ಗಿಡ ಇನ್ನೂ ಇದೆ. ಕೊನೆಯ ಪುಟದಲ್ಲಿ ಅವಳ ಚಿತ್ರದ ಪಕ್ಕ ಅದನ್ನು ಹಾಕಿದ್ದೇನೆ. ಮುಂದಿನ ತಿಂಗಳ ಎರಡನೇ ಶನಿವಾರ ಮತ್ತೆ ತೋಟದಲ್ಲಿ ಕೂರುತ್ತೇವೆ, ಹತ್ತೂವರೆಗೆ, ಪೂರ್ವದ ಗೇಟಿನ ಒಳಗೆ. ಚಾಪೆ ಇದ್ದವರು ತನ್ನಿ. ಬರ್ನ್ಟ್ ಸಿಯೆನಾ ನಾನು ತರುತ್ತೇನೆ.