ಬೀಜದ ಕೋಣೆಯ ಚಾವಣಿಗಾಗಿ ದೇಣಿಗೆ ಮನವಿ

ಸಹೃದಯ ದಾನಿಗಳಿಗೆ, ಹಳೆಯ ವಿದ್ಯಾರ್ಥಿಗಳಿಗೆ ಹಾಗೂ ಪೋಷಕ ಬಂಧುಗಳಿಗೆ ಧರ್ಮದರ್ಶಿ ಮಂಡಳಿಯ ಗೌರವಪೂರ್ವಕ ನಮಸ್ಕಾರಗಳು.

ನಮ್ಮ ಶಾಲೆಯ ಹಿಂಬದಿಯ ಬೀಜದ ಕೋಣೆಯನ್ನು ತಾವೆಲ್ಲರೂ ಬಲ್ಲಿರಿ; ತಮ್ಮಲ್ಲಿ ಅನೇಕರು ಅದರ ಜಗಲಿಯ ಮೇಲೆಯೇ ಕುಳಿತು ಹೊಂಗೆಯ ಕಾಯಿ ಬಿಡಿಸಿದವರು. ಕಳೆದ ವಾರದ ಗಾಳಿಮಳೆಗೆ ಆ ಕೋಣೆಯ ಚಾವಣಿ ಅರ್ಧಕ್ಕರ್ಧ ಕುಸಿದಿದೆ. ಅದು ಮೊದಲೇ ಸೋರುತ್ತಿತ್ತು, ದುರಸ್ತಿಯನ್ನು ನಾವು ಎರಡು ವರ್ಷ ಮುಂದೂಡುತ್ತ ಬಂದೆವು ಎಂಬುದನ್ನು ತಮ್ಮಿಂದ ಮುಚ್ಚಿಡುವುದಿಲ್ಲ. ಮರುದಿನ ಬಾಗಿಲು ತೆರೆದಾಗ, ಮಕ್ಕಳು ಬೇಸಿಗೆಯುದ್ದಕ್ಕೂ ಆಯ್ದು, ಒಣಗಿಸಿ, ಬಟ್ಟೆಯ ಚೀಲಗಳಲ್ಲಿ ಕಟ್ಟಿಟ್ಟಿದ್ದ ಹುಣಸೆ ಮತ್ತು ಹೊಂಗೆಯ ಬೀಜಗಳು ನೀರಿನಲ್ಲಿ ನೆನೆದು ಬಿದ್ದಿದ್ದವು. ಹರಡಿ ಒಣಗಿಸಲು ಯತ್ನಿಸಿದೆವು. ಮೂರನೆಯ ದಿನಕ್ಕೆ ಹೆಚ್ಚಿನವಕ್ಕೆ ಬೂಷ್ಟು ಹಿಡಿದಿತ್ತು.

ಒಣಗಿದ ಜಾಗದಲ್ಲಿಟ್ಟರೆ ಈ ಬೀಜಗಳು ತಿಂಗಳುಗಟ್ಟಲೆ ಉಳಿಯುತ್ತವೆ. ಬೇವು ಹಾಗಲ್ಲ, ಹಣ್ಣಾಗಿ ಉದುರಿದ ಕೆಲವೇ ವಾರಗಳಲ್ಲಿ ಅದರ ಬೀಜ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮುಂಗಾರು ಹಿಡಿಯುವ ಮುನ್ನ ಕೋಣೆ ಸಿದ್ಧವಾಗದಿದ್ದರೆ ಈ ವರ್ಷ ಮಡಿಗೆ ಹಾಕಲು ಬೀಜವಿರುವುದಿಲ್ಲ. ಮುಂದಿನ ವರ್ಷ ಕೊಡಲು ಸಸಿಯೂ ಇರುವುದಿಲ್ಲ.

ಸಸಿ ವಿತರಿಸುವುದು ದೊಡ್ಡ ಕೆಲಸವೇನಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ನಾವು ಕಣ್ಣಾರೆ ಕಂಡದ್ದೊಂದನ್ನು ಹೇಳಬೇಕು. ಮೂರನೆಯ ತರಗತಿಯ ಹುಡುಗಿಯೊಬ್ಬಳು ದಿನವೂ ಮನೆಗೆ ಹೊರಡುವಾಗ ತನ್ನ ಬಾಟಲಿಯಲ್ಲಿ ಉಳಿದ ನೀರನ್ನು ಗೇಟಿನ ಪಕ್ಕದ ಹೊಂಗೆ ಸಸಿಯ ಪಾತಿಗೆ ಸುರಿದು, ಮಣ್ಣು ನೀರು ಕುಡಿಯುವವರೆಗೆ ಬಗ್ಗಿ ನೋಡಿ ಹೋಗುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಕೆಲವು ದಿನಗಳಲ್ಲಿ ಅವಳ ಹಿಂದೆ ಸಾಲು ಬೆಳೆಯಿತು. ಒಂದೇ ಸಸಿಗೆ ನೀರು ಹೆಚ್ಚಾಗುತ್ತದೆಂದು ಮಕ್ಕಳೇ ಕಾಂಪೌಂಡಿನ ಸಸಿಗಳನ್ನು ಹಂಚಿಕೊಂಡರು. ಕರೆದೊಯ್ಯಲು ಬಂದು ಕಾಯುತ್ತಿದ್ದ ತಾಯಂದಿರಲ್ಲಿ ಒಬ್ಬರು ಹಕ್ಕಿಗಳಿಗೆಂದು ಮಣ್ಣಿನ ಬೋಗುಣಿಯಲ್ಲಿ ನೀರು ತಂದಿಟ್ಟರು. ಆ ಬೋಗುಣಿ ಇಂದಿಗೂ ಅಲ್ಲಿದೆ. ಈಗ ಅದನ್ನು ಬೇರೆಯೇ ತಾಯಿಯೊಬ್ಬರು ತುಂಬಿಸುತ್ತಿದ್ದಾರೆ.

ಸಾಲುಮರದ ತಿಮ್ಮಕ್ಕನವರು ಪತಿಯೊಂದಿಗೆ ಕೊಡಗಳಲ್ಲಿ ನೀರು ಹೊತ್ತು ಹುಲಿಕಲ್ ಮತ್ತು ಕುದೂರಿನ ನಡುವಣ ದಾರಿಯಲ್ಲಿ 385 ಆಲದ ಮರಗಳನ್ನು ಬೆಳೆಸಿದ್ದನ್ನು ಇಲ್ಲಿ ನೆನೆಯದಿರಲಾರೆವು. ಅವರಿಗೆ ಪದ್ಮಶ್ರೀ ಸಂದದ್ದು 2019ರಲ್ಲಿ; ಆ ವೇಳೆಗೆ ಅವರ ಮರಗಳ ನೆರಳಿನಲ್ಲಿ ಎಷ್ಟೋ ತಲೆಮಾರುಗಳು ನಡೆದಾಡಿದ್ದವು. ಆಲದ ಹಣ್ಣು ತಿಂದ ಹಕ್ಕಿ ಬೀಜವನ್ನು ಎಲ್ಲೆಲ್ಲಿಗೆ ಒಯ್ದು ಹಾಕಿತೋ, ಅದರ ಲೆಕ್ಕವನ್ನು ಯಾರಿಡಬಲ್ಲರು? ಕೀನ್ಯಾದಲ್ಲಿ ವಂಗಾರಿ ಮಾಥಾಯ್ ಅವರು 1977ರಲ್ಲಿ ಏಳು ಸಸಿಗಳಿಂದ ಆರಂಭಿಸಿದ ಹಸಿರು ಪಟ್ಟಿ ಚಳವಳಿ ಸಾಮಾನ್ಯ ಹೆಣ್ಣುಮಕ್ಕಳ ಕೈಯಿಂದ ಕೈಗೆ ದಾಟಿ ಕೋಟಿಗಟ್ಟಲೆ ಮರಗಳಾಯಿತು. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪುರಸ್ಕಾರ ದೊರೆಯಿತು. ಆ ಚಳವಳಿಯಲ್ಲಿ ಹೆಣ್ಣುಮಕ್ಕಳಿಗೆ ಪುಟ್ಟ ಸಂಭಾವನೆ ಸಲ್ಲುತ್ತಿದ್ದುದು ಬದುಕುಳಿದ ಸಸಿಗಳ ಲೆಕ್ಕದಲ್ಲಿ. ನಮ್ಮ ಶಾಲೆಯೂ ಅದೇ ಲೆಕ್ಕವನ್ನು ನಂಬಿದೆ. ಮೂರು ಬೇಸಿಗೆ ದಾಟಿದ ಗಿಡವನ್ನು ಮಾತ್ರ ನಾವು ದಾಖಲೆ ಪುಸ್ತಕದಲ್ಲಿ ಬರೆಯುತ್ತೇವೆ, ಮತ್ತು ಆ ಪುಸ್ತಕದ ಒಂದೊಂದು ಸಾಲಿನ ಬಗ್ಗೆಯೂ ನಮಗೆ ಅಭಿಮಾನವಿದೆ.

ನಮ್ಮ ಮಕ್ಕಳಲ್ಲಿ ಬಹುಪಾಲು ಕೂಲಿ ಕಾರ್ಮಿಕರ ಮಕ್ಕಳು. ಮಟಮಟ ಮಧ್ಯಾಹ್ನದಲ್ಲಿ ಸವೆದ ಚಪ್ಪಲಿಯಲ್ಲಿ, ಕೆಲವರು ಬರಿಗಾಲಿನಲ್ಲಿ ಮನೆಗೆ ನಡೆಯುತ್ತಾರೆ. ಹಳೆಯ ವಿದ್ಯಾರ್ಥಿಗಳು ನೆಟ್ಟ ಮರಗಳಿರುವಷ್ಟು ದೂರ ಸಾವಕಾಶವಾಗಿ ಮಾತನಾಡುತ್ತ ಸಾಗುವ ಇವರು, ನೆರಳು ಮುಗಿದೊಡನೆ ಓಡತೊಡಗುತ್ತಾರೆ. ಇವರ ಹೆತ್ತವರಿಂದ ಹಣ ಕೇಳಲು ನಮಗೆ ಮನಸ್ಸು ಬರುವುದಿಲ್ಲ. ಆದರೂ ಚಾವಣಿ ಬಿದ್ದ ಸುದ್ದಿ ತಿಳಿದು, ದಿನದ ಕೆಲಸ ಮುಗಿಸಿ ಬಂದ ನಾಲ್ವರು ತಂದೆಯರು ಕತ್ತಲಾಗುವವರೆಗೆ ಒಡೆದ ಹಂಚುಗಳನ್ನು ತೆಗೆದು ಹಾಕಿದರು. ಚಹಾ ಕೂಡ ಬೇಡವೆಂದರು.

ಇನ್ನು ವೆಚ್ಚದ ಮಾತು. ಕಬ್ಬಿಣದ ತೊಲೆ ಮತ್ತು ತಗಡಿನ ಹಾಳೆಗಳಿಗೆ ಸರಿಸುಮಾರು ಅರ್ಧ, ಗೋಡೆಯ ದುರಸ್ತಿ ಹಾಗೂ ಕೂಲಿಗೆ ಉಳಿದರ್ಧ ಬೇಕಾಗುತ್ತದೆ. ಟ್ರಸ್ಟಿನ ಖಾತೆಯಲ್ಲಿರುವುದು ಒಟ್ಟು ವೆಚ್ಚದ ಮೂರನೆಯ ಒಂದು ಭಾಗ ಮಾತ್ರ. ಉಳಿದುದನ್ನು ಈ ತಿಂಗಳ ಕೊನೆಯೊಳಗೆ ಹೊಂದಿಸಬೇಕಿರುವುದರಿಂದ, ತಾವು ಯಥಾಶಕ್ತಿ ನೆರವಾಗಬೇಕೆಂದು ಕೈಮುಗಿದು ಕೋರುತ್ತೇವೆ. ಮೊತ್ತ ಚಿಕ್ಕದೆಂದು ಸಂಕೋಚಪಡಬೇಡಿ. ಹಣ ಕೊಡಲಾಗದವರು ಒಂದು ದಿನದ ಶ್ರಮ, ಬಳಸಬಹುದಾದ ಹಳೆಯ ತಗಡು, ಒಣಗಿದ ಬೀಜ, ಬಟ್ಟೆಯ ಚೀಲ, ಏನು ಕೊಟ್ಟರೂ ಸ್ವೀಕರಿಸುತ್ತೇವೆ. ಪ್ರತಿಯೊಂದಕ್ಕೂ ರಸೀದಿ ನೀಡಲಾಗುವುದು. ಖರ್ಚಿನ ಪಟ್ಟಿಯನ್ನು ಶಾಲೆಯ ಸೂಚನಾ ಫಲಕದಲ್ಲಿ ಹಾಕಲಾಗುವುದು.

ಬೇವಿನ ಹಣ್ಣು ಉದುರಲು ಶುರುವಾಗಿದೆ. ಬರುವ ಶನಿವಾರ ಮಕ್ಕಳು ಚೀಲ ಹಿಡಿದು ಆಯಲು ಹೊರಡುತ್ತಾರೆ. ಅವರು ತಂದದ್ದನ್ನು ಹರಡಲು ಕೋಣೆಯ ಒಂದು ಮೂಲೆಯಾದರೂ ಅಷ್ಟರಲ್ಲಿ ಒಣಗಿರಬೇಕು ಎಂಬುದು ನಮ್ಮ ಆಸೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಧರ್ಮದರ್ಶಿ ಮಂಡಳಿಯ ಪರವಾಗಿ