ಭಾನುವಾರ ಕೆರೆ ಸುತ್ತಾಟ: ಶೂ ಹಾಕಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 7ಕ್ಕೆ ಚಳ್ಳಕೆರೆ ಬಸ್ ನಿಲ್ದಾಣದ ಹತ್ತಿರ ಸೇರೋಣ. ಉಪಗ್ರಹ ಚಿತ್ರದಲ್ಲಿ ಕಂಡ ಹಸಿರು ನಿಜಕ್ಕೂ ಏನು ಅಂತ ಕೆರೆಗಿಳಿದು ನೋಡುವ ಕೆಲಸ. ಹೋದ ವಾರ ಹೆಸರು ಕೊಟ್ಟವರಷ್ಟೇ ಬಂದರೆ ಸಾಕು.

ಸೆಂಟಿನೆಲ್-2 ಉಪಗ್ರಹದ ಚಿತ್ರದ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್ ಚೌಕ. ಎನ್‌ಡಿವಿಐ (ಗಿಡಗಳ ಹಸಿರು ಅಳೆಯುವ ಸೂಚ್ಯಂಕ) ಲೆಕ್ಕ ನೋಡುವುದು ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕನ್ನು ಮಾತ್ರ. ಅದಕ್ಕೆ ತೋಟವೂ ಹಸಿರೇ, ಬಳ್ಳಾರಿ ಜಾಲಿಯೂ ಹಸಿರೇ. ಜಾಲಿ ಬೇರು ಆಳಕ್ಕಿಳಿಯುತ್ತದೆ, ಏಪ್ರಿಲ್ ಬಿಸಿಲಲ್ಲೂ ಒಣಗಿದ ಕೆರೆಯಂಗಳ ಹಸಿರಾಗೇ ಕಾಣುತ್ತದೆ. ಕಳೆದ ಸಲ ನಾನೇ ಒಂದು ಜಾಲಿ ಪೊದೆಯನ್ನು ಅಡಿಕೆ ತೋಟ ಅಂತ ಗುರುತು ಹಾಕಿದ್ದೆ. ನಗಬೇಡಿ!

ಬರುವ ಮೊದಲು ನಿಮ್ಮ ಪಾಲಿನ ಕೆರೆಯ ಏಪ್ರಿಲ್, ನವೆಂಬರ್ ಚಿತ್ರಗಳನ್ನು ಈ ಉಪಗ್ರಹದ ಚಿತ್ರ ಸಿಗುವ ವೆಬ್‌ಸೈಟ್ ಕೋಪರ್ನಿಕಸ್ ಬ್ರೌಸರ್‌ನಿಂದ ಇಳಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ. ಜುಲೈ, ಆಗಸ್ಟ್‌ನವು ಬೇಡ, ಮೋಡವೇ ಜಾಸ್ತಿ. ಫೋಟೋ ತೆಗೆಯುವಾಗ ಫೋನಿನ ಲೊಕೇಶನ್ ಆನ್ ಇರಲಿ, ಇಲ್ಲದಿದ್ದರೆ ಸುಮ್ನೆ ಬಿಸಿಲಲ್ಲಿ ಅಲೆದಂತೆ. ಟೋಪಿ, ನೀರು ತನ್ನಿ. ಜಾಲಿ ಮುಳ್ಳು ಚಪ್ಪಲಿ ತೂರಿ ಬರುತ್ತದೆ.

ಶುಕ್ರವಾರ ರಾತ್ರಿಯೊಳಗೆ ‘ಬರ್ತೀನಿ’ ಅಂತ ಇಲ್ಲೇ ಹಾಕಿ. ಕಾರು ತರುವವರು ಎಷ್ಟು ಸೀಟು ಖಾಲಿ ಅಂತಲೂ ತಿಳಿಸಿ.