ಬ್ಯಾಟರಿ ಬದಲಿಸುವ ಮೊದಲು ಅಳೆದು ನೋಡಲಿ

ಮಾನ್ಯ ಸಂಪಾದಕರೇ,

ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳ್ಳಿಗಳಲ್ಲಿ ಬೆಳಗಿನ ಹೊತ್ತು ಕಾರು ಸ್ಟಾರ್ಟ್ ಆಗದೆ ಮನೆಮಂದಿಯೆಲ್ಲ ಸೇರಿ ತಳ್ಳುವುದು ಸಾಮಾನ್ಯ. ಪೇಟೆಯಿಂದ ಕರೆಸಿದ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ‘ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿಬಿಡಿ’ ಎನ್ನುವುದೂ ಅಷ್ಟೇ ಸಾಮಾನ್ಯ. ಯಾವ ಅಳತೆಯನ್ನೂ ತೆಗೆಯದೆ ಕೊಡುವ ಈ ತೀರ್ಮಾನದಿಂದ ವಾಹನ ಮಾಲೀಕರಿಗೆ ಆಗುತ್ತಿರುವ ವೃಥಾ ಖರ್ಚಿನ ಕಡೆಗೆ ತಮ್ಮ ಪತ್ರಿಕೆಯ ಮೂಲಕ ಗಮನ ಸೆಳೆಯಬಯಸುತ್ತೇನೆ.

ಕಳೆದ ವರ್ಷ ಆರಿದ್ರೆ ಮಳೆಯ ದಿನಗಳಲ್ಲಿ ನಮ್ಮ ಕಾರಿನ ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್ ತಿಣುಕುತ್ತ ತಿರುಗತೊಡಗಿದಾಗ ನಾನೂ ಮೆಕ್ಯಾನಿಕ್ ಹೇಳಿದ ಮಾತು ಕೇಳಿ ಸುಮಾರು ಐದು ಸಾವಿರ ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆ. ಮೂರು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಪಾಡು. ಎರಡನೆಯ ಸಲ ಸೆಲ್ಫ್ ಬಿಚ್ಚಿಸಿ ಕಾರ್ಬನ್ ಬ್ರಷ್ ಬದಲಿಸಿದ್ದಾಯಿತು. ಅದೂ ಹೆಚ್ಚು ದಿನ ನಡೆಯಲಿಲ್ಲ. ಕೊನೆಗೆ ಶಿವಮೊಗ್ಗದ ಹಿರಿಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರು ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಹಿಡಿದು, ನನಗೆ ಕೀಲಿ ತಿರುಗಿಸಲು ಹೇಳಿದರು. 0.2 ವೋಲ್ಟ್ ಮೀರಬಾರದ ಕಡೆ 1.5 ವೋಲ್ಟ್ ಬಂದಿತು. ಕರೆಂಟ್ ಬ್ಯಾಟರಿಗೆ ಹಿಂದಿರುಗುವ ದಾರಿಯಾದ, ಎಂಜಿನ್ನಿಗೂ ಕಾರಿನ ಬಾಡಿಗೂ ನಡುವಿನ ಅರ್ತ್ ಪಟ್ಟಿ ನಮ್ಮ ಕಡೆಯ ತೇವಕ್ಕೆ ಕಿಲುಬು ಹಿಡಿದು ಹಸಿರಾಗಿತ್ತು. ಹೊಸ ಬ್ಯಾಟರಿಯ ಹುರುಪಿನಲ್ಲಿ ಆ ದೋಷ ಮೂರು ವಾರ ಮರೆಯಾಗಿತ್ತು, ಅಷ್ಟೆ. ಪಟ್ಟಿ ಬದಲಿಸಿದ್ದಕ್ಕೆ ಅವರು ತೆಗೆದುಕೊಂಡದ್ದು ಮುನ್ನೂರು ರೂಪಾಯಿ.

ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್, ಎಂಜಿನ್ ತಿರುಗಿಸುವ ಸೆಲ್ಫ್ ಇವು ಒಂದೇ ಸರಪಳಿಯ ಕೊಂಡಿಗಳಾದ್ದರಿಂದ ಒಂದರ ದೋಷ ಇನ್ನೊಂದರ ದೋಷದಂತೆ ಕಾಣಿಸುತ್ತದೆ. ಆದ್ದರಿಂದಲೇ ಅಳತೆ ಬೇಕು. ಬ್ಯಾಟರಿಯಲ್ಲಿ ಸುಮಾರು 2.1 ವೋಲ್ಟಿನ ಆರು ಸೆಲ್‌ಗಳಿರುವುದರಿಂದ, ರಾತ್ರಿಯಿಡೀ ನಿಂತ ಕಾರಿನಲ್ಲಿ ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿಯಾಗಿದೆಯೆಂದು ತಿಳಿಯಬೇಕು. ಆಗತಾನೇ ಓಡಿಸಿ ನಿಲ್ಲಿಸಿದ ಕಾರಿನಲ್ಲಿ ಮೇಲುಮೇಲಿನ ಚಾರ್ಜ್ ಉಳಿದು ಸುಳ್ಳು ಅಂಕಿ ಬರುವುದರಿಂದ, ಹೆಡ್‌ಲೈಟನ್ನು ಒಂದೆರಡು ನಿಮಿಷ ಹಚ್ಚಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡುವುದು ಕ್ರಮ. ಸೆಲ್ಫ್ ತಿರುಗುವಾಗ ನೂರಕ್ಕೂ ಹೆಚ್ಚು ಆಂಪಿಯರ್ ಹರಿಯುತ್ತದೆ. ಆಗಲೂ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿಯಬಾರದು. ಖಾಲಿಯಾದ ಬ್ಯಾಟರಿಯೂ ಇಲ್ಲಿ ಕುಸಿಯುತ್ತದೆ, ಕೆಟ್ಟ ಬ್ಯಾಟರಿಯೂ ಕುಸಿಯುತ್ತದೆ. ಮೊದಲು ಚಾರ್ಜ್ ಮಾಡಿ ಮತ್ತೆ ಅಳೆದರೆ ಮಾತ್ರ ಎರಡರ ವ್ಯತ್ಯಾಸ ತಿಳಿಯುತ್ತದೆ. ಅವಸರದ ಅಂಗಡಿಗಳಲ್ಲಿ ಬಿಟ್ಟುಹೋಗುವುದು ಈ ಹೆಜ್ಜೆಯೇ. ಎಂಜಿನ್ ಸ್ಟಾರ್ಟ್ ಆದ ಮೇಲೆ 13.5ರಿಂದ 14.7ರ ನಡುವೆ ಬಂದರೆ ಆಲ್ಟರ್ನೇಟರ್ ಸರಿಯಾಗಿದೆಯೆಂದು ಸಾಮಾನ್ಯವಾಗಿ ಹೇಳಬಹುದು, ಆದರೆ ಈಚಿನ ಕೆಲವು ಕಾರುಗಳಲ್ಲಿ ಇಂಧನ ಉಳಿಸಲು ಕಂಪ್ಯೂಟರೇ ಚಾರ್ಜಿಂಗನ್ನು ತಗ್ಗಿಸುವುದರಿಂದ ಕಡಿಮೆ ಅಂಕಿ ಕಂಡ ಕೂಡಲೇ ಆಲ್ಟರ್ನೇಟರ್ ಬಿಚ್ಚಬೇಕಾಗಿಲ್ಲ.

ಮೀಟರ್ ಇಲ್ಲದವರು ಹೆಡ್‌ಲೈಟ್ ಹಚ್ಚಿಕೊಂಡು ಕೀಲಿ ತಿರುಗಿಸಿ ನೋಡಬಹುದು. ಬೆಳಕು ಪೂರ್ತಿ ಮಂಕಾದರೆ ಬ್ಯಾಟರಿಯ ಮೇಲೆ, ಟರ್ಮಿನಲ್‌ಗಳ ಮೇಲೆ ಅಥವಾ ಬಿಗಿದುಕೊಂಡ ಸೆಲ್ಫಿನ ಮೇಲೆ ಅನುಮಾನ ಪಡಬೇಕು. ಬೆಳಕು ಹಾಗೆಯೇ ಉಳಿದು ಸೆಲ್ಫ್ ತಿರುಗದಿದ್ದರೆ ಬ್ಯಾಟರಿಯನ್ನು ದೂರುವುದು ತಪ್ಪು. ಸೆಲ್ಫಿಗೆ ಕರೆಂಟ್ ಹಾಯಿಸುವ ಸ್ವಿಚ್ಚಾದ ಸೊಲೆನಾಯ್ಡ್ ಅಥವಾ ಅದರ ವೈರಿಂಗ್ ನೋಡಿಸಬೇಕು. ಕೊಟ್ಟಿಗೆಯಲ್ಲಿ ನಿಲ್ಲಿಸುವ ಕಾರುಗಳಲ್ಲಿ ಇಲಿ ಕಡಿದ ವೈರು ಸಿಕ್ಕಿದರೆ ಆಶ್ಚರ್ಯವೇನಿಲ್ಲ.

ಇಲ್ಲಿ ಒಂದು ಕೆಟ್ಟ ರೂಢಿಯನ್ನು ಹೇಳಲೇಬೇಕು. ಆಲ್ಟರ್ನೇಟರನ್ನೇ ಡೈನಮೋ ಎಂದು ಕರೆದು, ‘ಡೈನಮೋ ಕೆಲಸ ಮಾಡುತ್ತಿದೆಯೇ ನೋಡೋಣ’ ಎಂದು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಳಚುವವರು ಇನ್ನೂ ಇದ್ದಾರೆ. ಹಾಗೆ ಕಳಚಿದ ಕ್ಷಣದಲ್ಲಿ ವೋಲ್ಟೇಜ್ ಒಮ್ಮೆಲೇ ಹತ್ತಾರು ವೋಲ್ಟ್ ಜಿಗಿದು ಆಲ್ಟರ್ನೇಟರಿನ ಡಯೋಡ್‌ಗಳನ್ನೂ ಎಂಜಿನ್ ನಿಯಂತ್ರಿಸುವ ಕಂಪ್ಯೂಟರನ್ನೂ ಸುಡಬಲ್ಲದು. ಹಳೆಯ ಗಾಡಿಗಳು ತಾಳಿಕೊಂಡದ್ದನ್ನು ಇಂದಿನ ಕಾರುಗಳು ತಾಳಿಕೊಳ್ಳುವುದಿಲ್ಲ.

ನಮ್ಮ ಊರುಗಳಲ್ಲಿ ಬ್ಯಾಟರಿ ಸೊರಗಲು ಬೇರೆ ಕಾರಣಗಳೂ ಇವೆ. ಜಡಿಮಳೆಯಲ್ಲಿ ವೈಪರ್, ದೀಪ, ಗಾಜಿನ ಮಂಜು ಬಿಡಿಸುವ ಫ್ಯಾನು ಎಲ್ಲವನ್ನೂ ಹಾಕಿಕೊಂಡು ಸೊಸೈಟಿಯವರೆಗೆ ಮೂರು ಕಿಲೋಮೀಟರ್ ಹೋಗಿ ಬಂದರೆ, ಸ್ಟಾರ್ಟ್ ಮಾಡಲು ತೆಗೆದ ಶಕ್ತಿ ಬ್ಯಾಟರಿಗೆ ಪೂರ್ತಿ ಹಿಂದಿರುಗುವುದೇ ಇಲ್ಲ. ನಿಂತ ಕಾರಿನಲ್ಲೂ ಗಡಿಯಾರ, ಅಲಾರಂ ಮುಂತಾದವು ಕರೆಂಟ್ ಎಳೆಯುತ್ತಲೇ ಇರುತ್ತವೆ. ಅದು 50 ಮಿಲಿಆಂಪಿಯರ್ ಇದ್ದರೂ ದಿನಕ್ಕೆ 1.2 ಆಂಪಿಯರ್-ಅವರ್ (ಬ್ಯಾಟರಿ ಹಿಡಿದಿಡುವ ಚಾರ್ಜಿನ ಅಳತೆ) ಆಗುತ್ತದೆ. ಹದಿನೈದು ದಿನ ಅಂಗಳದಲ್ಲೇ ನಿಂತರೆ 35 ಆಂಪಿಯರ್-ಅವರ್ ಬ್ಯಾಟರಿಯ ಅರ್ಧ ಹೋದಂತೆಯೇ. ಇಂಥ ಬ್ಯಾಟರಿಗೆ ಬೇಕಾದದ್ದು ನಿಧಾನವಾದ ಚಾರ್ಜಿಂಗ್. ಅದನ್ನು ಗುಜರಿಗೆ ಕಳಿಸುವುದೆಂದರೆ ಸೀಸದಂಥ ವಿಷಲೋಹವನ್ನು ಕಾಲಕ್ಕೆ ಮುಂಚೆ ಕರಗಿಸಲು ಕಳಿಸಿದಂತೆ.

ಬ್ಯಾಟರಿ ಅಂಗಡಿಗಳಲ್ಲಿಯೂ ಗ್ಯಾರೇಜುಗಳಲ್ಲಿಯೂ ನನ್ನ ಕೋರಿಕೆ ಇಷ್ಟು: ಹೊಸ ಬ್ಯಾಟರಿ ಮಾರುವ ಮೊದಲು ನಿಂತಾಗಿನ, ಸೆಲ್ಫ್ ತಿರುಗುವಾಗಿನ ಮತ್ತು ಎಂಜಿನ್ ಓಡುವಾಗಿನ ವೋಲ್ಟೇಜನ್ನು ಅಳೆದು, ಆ ಮೂರು ಅಂಕಿಗಳನ್ನು ಬಿಲ್ಲಿನ ಮೇಲೆಯೇ ಬರೆದುಕೊಡಲಿ. ಜಿಲ್ಲೆಯ ಐಟಿಐಗಳ ಮೋಟಾರ್ ಮೆಕ್ಯಾನಿಕ್ ವಿಭಾಗದವರು ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಹೋಬಳಿ ಕೇಂದ್ರಗಳಲ್ಲಿ ಒಂದು ದಿನ ಇಂಥ ತಪಾಸಣೆ ಮಾಡಿದರೆ ವಿದ್ಯಾರ್ಥಿಗಳಿಗೂ ಕೈ ಪಳಗುತ್ತದೆ. ಸ್ವಂತ ಮೀಟರ್ ಕೊಂಡು ಪರೀಕ್ಷಿಸಲು ಹೊರಡುವ ಓದುಗರು ಮಾತ್ರ ಅದನ್ನು ಡಿಸಿ ವೋಲ್ಟ್ ಗುರುತಿನಲ್ಲಿಟ್ಟಿರುವುದನ್ನು ಎರಡು ಸಲ ನೋಡಿಕೊಳ್ಳಬೇಕು. ಆಂಪಿಯರ್ ಗುರುತಿನಲ್ಲಿಟ್ಟು ಬ್ಯಾಟರಿಯ ಎರಡೂ ತುದಿಗೆ ಮುಟ್ಟಿಸಿದರೆ ಮೀಟರಿನ ಫ್ಯೂಸ್ ಹಾರುತ್ತದೆ, ಕೈಯೂ ಸುಟ್ಟೀತು.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಓರ್ವ ಓದುಗ